ನೆಲಕ್ಕೆ ಹಾಕಿದ ಉಪ್ಪು

ಶಹಾಬುದ್ದೀನ ಕಾಕಾ ತಮ್ಮ ಧ್ವನಿಯನ್ನು ತಾವು ಒಮ್ಮೆಯೂ ಕೇಳಿರಲಿಲ್ಲ.

ಬಸವನ ಬಾಗೇವಾಡಿಯ ಸುತ್ತಲಿನ ಹಳ್ಳಿಗಳಲ್ಲಿ ಅದನ್ನು ಕೇಳದವರು ಕಡಿಮೆ. ಮೊಹರಮ್ಮಿನಲ್ಲಿ ಅವರು ಬೆಂಕಿ ಉರಿಯುವ ಅಲಾಯಿ ಕುಣಿಯ ಮುಂದೆ ನಿಂತು, ಹುತಾತ್ಮರ ಕಥೆ ಹೇಳುವ ರಿವಾಯತ ಪದ ಎತ್ತಿದರೆ, ಮಸೂತಿ ಹಳ್ಳಿಯಿಂದ ಚಕ್ಕಡಿ ಕಟ್ಟಿಕೊಂಡು ಬಂದವರು ಕೂಡ ಮೊದಲ ಪದಕ್ಕೆ ಕೂತಲ್ಲಿಂದ ಕೊನೆಯ ಪದದ ತನಕ ಏಳುತ್ತಿರಲಿಲ್ಲ. ಆದರೆ ಹಾಡಿದವನ ಕಿವಿಗೆ ಬೀಳುವುದು ಬೇರೆ, ಕೇಳುವವರ ಕಿವಿಗೆ ಬೀಳುವುದು ಬೇರೆ ಎಂಬ ವಿಷಯ ಕಾಕಾ ಅವರ ತಲೆಗೆ ಹೊಕ್ಕದ್ದು ಪರಮಾನಂದ ಮಾಸ್ತರನಿಂದ.

“ನಿಮ್ಮ ಧ್ವನಿ ನಿಮಗ ಎಲುವಿನ ಒಳಗಿಂದ ಕೇಳಸ್ತೈತ್ರಿ ಕಾಕಾ. ಮಂದಿಗೆ ಗಾಳ್ಯಾಗಿಂದ ಕೇಳಸ್ತೈತಿ. ಎರಡೂ ಒಂದ ಅಲ್ಲ,” ಎಂದು ಅವನು ಒಂದು ದಿನ ಪಾಠ ಹೇಳುವಂತೆ ಬಿಡಿಸಿ ಹೇಳಿದ್ದ.

“ಹಂಗಾದ್ರ ನಲವತ್ತು ವರ್ಷ ಮಂದಿ ಕೇಳಿದ್ದು ಯಾರನ್ನ?” ಎಂದು ಕಾಕಾ ನಕ್ಕಿದ್ದರು. ನಕ್ಕರೂ ಆ ಮಾತು ಅವರಲ್ಲಿ ಮುಳ್ಳಿನಂತೆ ಉಳಿಯಿತು. ಹೇಳಬಾರದಿತ್ತು ಎಂದು ಪರಮಾನಂದನಿಗೆ ಆಮೇಲೆ ಎಷ್ಟೋ ಸಲ ಅನಿಸಿತು.

ಪರಮಾನಂದ ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರ. ವಿಜಾಪುರದ ಕಾಲೇಜಿನಲ್ಲಿ ಬಿ.ಎಸ್ಸಿ. ಮುಗಿಸಿ ಬಂದವನು, ಮದುವೆಯಾಗಿರಲಿಲ್ಲ. ಕಾಕಾ ಅವರ ಮನೆಯ ಮುಂದಿನ ಕೋಣೆಯಲ್ಲಿ ಮೂರು ವರ್ಷದಿಂದ ಇದ್ದ. ಬಾಡಿಗೆಯ ಮನೆ ಎನ್ನುವ ಮಾತು ಮೊದಲ ಆರು ತಿಂಗಳಿಗೇ ಮರೆತುಹೋಗಿತ್ತು. ಕಾಕಾ ಅವರ ಹೆಂಡತಿ ಇಮಾಮಬಿ ಬೆಳಿಗ್ಗೆ ಎರಡು ರೊಟ್ಟಿ ಹೆಚ್ಚಿಗೆ ಬಡಿದು, ಒಂದು ತಟ್ಟೆಯಲ್ಲಿ ಮುಚ್ಚಿ, ಅವನ ಕೋಣೆಯ ಕಿಟಕಿಯಲ್ಲಿಟ್ಟು ಹೋಗುತ್ತಿದ್ದಳು. ಅವನು ಅವಳನ್ನು ಚಾಚಿ ಎನ್ನುತ್ತಿದ್ದ.

ಸಾವಿರದ ಒಂಬೈನೂರ ಅರವತ್ತೆರಡರ ಫೆಬ್ರುವರಿಯಲ್ಲಿ ಧಾರವಾಡದ ರೇಡಿಯೋದವರು ಕಾಕಾ ಅವರ ಮೇಳವನ್ನು ಕರೆಸಿ ಹಾಡಿಸಿ, ಹಾಡನ್ನು ಟೇಪಿನಲ್ಲಿ ತುಂಬಿಕೊಂಡರು. ಮೊಹರಮ್ಮಿನ ಹೊತ್ತಿಗೆ ಬಿತ್ತರಿಸುತ್ತೇವೆ ಎಂದು ಹೇಳಿ ಕಳಿಸಿದರು. ತುಂಬಿಕೊಂಡದ್ದನ್ನು ಒಮ್ಮೆ ಕೇಳಿಸಿರಿ ಎಂದು ಕೇಳಲು ಕಾಕಾ ಅವರಿಗೆ ಸಂಕೋಚ, ಜೊತೆಗಿದ್ದ ಧರೆಪ್ಪನಿಗೆ ಬಸ್ಸಿನ ಅವಸರ. ಬಂದುಬಿಟ್ಟರು. ಏಪ್ರಿಲ್ ತಿಂಗಳಲ್ಲಿ ಕಾಕಾ ಅವರ ಗಂಟಲಲ್ಲಿ ಗಂಟು ಕಾಣಿಸಿತು. ಮಿರಜದ ಆಸ್ಪತ್ರೆಗೆ ಹೋಗಿ ತೆಗೆಸಿಕೊಂಡು ಬಂದರು. ಗಂಟು ಹೋಯಿತು, ಅದರ ಸಂಗಡ ಧ್ವನಿಯೂ ಹೋಯಿತು. ಈಗ ಅವರು ಮಾತನಾಡಿದರೆ ಒಣ ಎಲೆಯ ಮೇಲೆ ಕಾಲಿಟ್ಟಂತೆ ಬರೀ ಉಸಿರು ಕೇಳುತ್ತಿತ್ತು. ಹಾಡಿದ ಹಾಡುಗಳಲ್ಲಿ ಭೂಮಿಯ ಮೇಲೆ ಉಳಿದದ್ದು ಧಾರವಾಡದಲ್ಲಿ ತುಂಬಿಟ್ಟ ಆ ಹತ್ತು ನಿಮಿಷ ಮಾತ್ರ.

ಮೇ ತಿಂಗಳ ಮೊದಲಿಗೆ ಕಾರ್ಡು ಬಂತು: ಜೂನ್ ಐದು, ಮಂಗಳವಾರ, ಸಂಜೆ ಆರೂವರೆ. ಮನೆಯಲ್ಲಿ ರೇಡಿಯೋ ಇತ್ತು. ಸೊಲ್ಲಾಪುರದ ಗಿರಣಿಯಲ್ಲಿದ್ದ ಮಗ ಕುತುಬುದ್ದೀನ ರಂಜಾನ್ ಹಬ್ಬಕ್ಕೆ ಬಂದಾಗ ಅಪ್ಪ ಕೇಳಲೆಂದೇ ಬ್ಯಾಟರಿಯ ಸೆಟ್ಟು ತಂದು, ಅಂಚೆ ಕಚೇರಿಯಲ್ಲಿ ಲೈಸೆನ್ಸನ್ನೂ ಮಾಡಿಸಿಟ್ಟು ಹೋಗಿದ್ದ. ಆದರೆ ಅದರಲ್ಲಿ ಧಾರವಾಡ ಹಗಲಿನಲ್ಲಿ ಪಿಸುಗುಡುತ್ತಿತ್ತು ಅಷ್ಟೇ.

ಸಿಂದಗಿಯಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ಇಮಾಮಬಿಯ ತಮ್ಮ ಬಾಬುಲಾಲ ಹೇಳಿಕಳಿಸಿದ: ‘ನನ್ನ ಅಂಗಡಿಯ ರೇಡಿಯೋ ಗಂಟೆ ಬಾರಿಸಿದಂತೆ ಕೇಳಿಸುತ್ತದೆ, ಎರಡು ದಿನ ಮುಂಚೆ ಬಂದುಬಿಡಿರಿ.’ ಕಾಕಾ ಹೊರಡುವುದೆಂದೇ ಇದ್ದರು. ತಡೆದವನು ಪರಮಾನಂದ.

“ಈ ಗಂಟಲಾ ತಗೊಂಡು ಬಿಸಲಾಗ ಬಸ್ಸಿನ್ಯಾಗ ಎದಕ್ಕ ಹೋಗ್ತೀರಿ ಕಾಕಾ? ಮಾಳಗಿ ಮ್ಯಾಲ ಏರಿಯಲ್ ಎತ್ತರಿಸ್ತೇನಿ, ಹಿತ್ತಲದಾಗ ಅರ್ಥ್ ಹುಗೀತೇನಿ. ಕನ್ನಡಿ ಹಂಗ ಕೇಳಸ್ತೈತಿ. ನಂದು ಜವಾಬ್ದಾರಿ.”

“ಮಾಸ್ತರ ಜವಾಬ್ದಾರಿ ಅಂದಮ್ಯಾಲ ಮುಗೀತು,” ಎಂದ ಧರೆಪ್ಪ. ಅವನು ಕಾಕಾ ಅವರ ಹಿಮ್ಮೇಳದವನು, ಎದುರು ಮನೆಯವನು, ಬಾಯಿಗೆ ಬೀಗವಿಲ್ಲದವನು. “ಮ್ಯಾಲಿಂದು ತಿಳೀತು. ಕೆಳಗಿನ ಅರ್ಥದ್ದ ಅರ್ಥ ಆಗಲಿಲ್ಲ ನೋಡ್ರಿ.”

ಪರಮಾನಂದ ಕೆಲಸವನ್ನು ಅಚ್ಚುಕಟ್ಟಾಗಿ ಮಾಡುವವನು. ಧಾರವಾಡ ಯಾವ ದಿಕ್ಕಿಗೆ ಎಂಬುದನ್ನು ಭೂಪಟದ ಮೇಲೆ ಅಳೆದು, ತಂತಿ ಆ ದಿಕ್ಕಿಗೆ ಅಡ್ಡಲಾಗಿ ಬರುವಂತೆ ಮಾಳಿಗೆಯ ಎರಡು ತುದಿಗೆ ಬಿದಿರು ನಿಲ್ಲಿಸಿದ. ನಡುವೆ ನಲವತ್ತು ಅಡಿ ತಾಮ್ರದ ತಂತಿ, ಎರಡೂ ತುದಿಗೆ ಪಿಂಗಾಣಿಯ ಗುಂಡು. ಹಿತ್ತಲಲ್ಲಿ ನಾಲ್ಕು ಅಡಿ ಕಬ್ಬಿಣದ ಪೈಪು ಹೂಳಿ, ಅದರ ತಲೆಗೆ ರೇಡಿಯೋದಿಂದ ಎಳೆದ ತಾಮ್ರದ ತಂತಿಯನ್ನು ಹನ್ನೆರಡು ಸುತ್ತು ಬಿಗಿಯಾಗಿ ಸುತ್ತಿದ. ಎಲ್ಲವನ್ನೂ ಒಂದು ನೋಟುಬುಕ್ಕಿನಲ್ಲಿ ಬರೆದಿಟ್ಟ. ತಂತಿಯೂ ಪೈಪೂ ಸೇರುವ ಆ ಕೂಡಿಗೆ ಬೆಸುಗೆ ಹಾಕಬೇಕು ಎಂದು ಅವನಿಗೆ ಗೊತ್ತಿತ್ತು. ‘ಕೂಡು: ಬೆಸುಗೆ ಬಾಕಿ’ ಎಂದು ಬರೆದೂ ಇದ್ದ. ಬೆಸುಗೆಯ ಸಾಮಾನು ಅವನಲ್ಲಿರಲಿಲ್ಲ. ಎರಡು ಓಣಿ ಆಚೆ ಪಾತ್ರೆಗೆ ಕಲಾಯಿ ಹಾಕುವವನಿದ್ದ. ಕರೆದಿದ್ದರೆ ಕಾಲು ತಾಸಿನ ಕೆಲಸ. ಆದರೆ ಈ ಊರಲ್ಲಿ ತಂತಿಯ ವಿದ್ಯೆ ಬಲ್ಲವನು ತಾನೊಬ್ಬನೇ ಎಂದು ಎಲ್ಲರೂ ನೋಡುತ್ತಿರುವಾಗ, ಕಲಾಯಿಯವನನ್ನು ಕೂಗಿ ಕರೆಯಲು ಅವನಿಗೆ ಏನೋ ಅಡ್ಡ ಬಂದಿತು. ಆಮೇಲೆ ಹಾಕಿದರಾಯಿತು ಎಂದು ಮಣ್ಣು ಮುಚ್ಚಿದ.

ಆ ಸಂಜೆ ಧಾರವಾಡ ಮಾತನಾಡಿತು. ಕಾಕಾ ರೇಡಿಯೋದ ಮುಳ್ಳಿನ ಹತ್ತಿರ ಬಗ್ಗಿ ನೋಡಿ ಪರಮಾನಂದನ ಬೆನ್ನು ತಟ್ಟಿದರು.

“ಇನ್ನೊಂದು ಕೆಲಸ ಐತ್ರಿ ಚಾಚಿ,” ಎಂದ ಪರಮಾನಂದ. “ನಮ್ಮದು ಎರಿ ಮಣ್ಣು. ಬ್ಯಾಸಿಗ್ಯಾಗ ಒಣಗಿ ಬಾಯಿ ಬಿಟ್ರ ಪೈಪಿಗೆ ನೆಲ ಹತ್ತೂದಿಲ್ಲ. ದಿನಾ ಸಂಜಿಗೆ ಒಂದು ಕೊಡ ನೀರು, ಒಂದು ಹಿಡಿ ಉಪ್ಪು, ಅಲ್ಲಿ ಹಾಕಬೇಕು.”

“ಉಪ್ಪು?” ಎಂದಳು ಇಮಾಮಬಿ.

“ಉಪ್ಪಿನ ನೀರಿನ್ಯಾಗ ಕರೆಂಟು ಸಲೀಸು ಹರೀತೈತಿ.”

“ನೆಲಕ್ಕ?”

“ನೆಲಕ್ಕ.”

ಅವಳು ಸೆರಗನ್ನು ತಲೆಯ ಮೇಲೆ ಸರಿಮಾಡಿಕೊಂಡು, “ಆತ್ರಿ,” ಎಂದಳು.

ಮೇ ನಡುವಿಗೆ ಬಿಸಿಲು ಏರಿತು. ಧಾರವಾಡ ದಿನದಿನಕ್ಕೆ ಸಣ್ಣಗಾಯಿತು. ತೀರ ಕೆಟ್ಟಿರಲಿಲ್ಲ, ಕಿವಿಗೊಟ್ಟರೆ ಒಂದೊಂದು ಶಬ್ದವೂ ತಿಳಿಯುತ್ತಿತ್ತು. ಆದರೆ ಕನ್ನಡಿ ಎಂದು ಮಾತು ಕೊಟ್ಟವನಿಗೆ ಅಷ್ಟು ಸಾಲದು. ಪರಮಾನಂದ ಏರಿಯಲ್ಲಿನ ಒಂದೊಂದು ಗಂಟನ್ನೂ ಪರೀಕ್ಷಿಸಿದ. ಕೊನೆಗೆ ಹಿತ್ತಲಿಗೆ ಹೋಗಿ ಪೈಪಿನ ಬದಿಯ ಹಸಿ ಮಣ್ಣನ್ನು ಚಿಟಿಕೆ ತೆಗೆದು ನಾಲಗೆಯ ಮೇಲಿಟ್ಟುಕೊಂಡ. ಸಪ್ಪಗಿತ್ತು.

“ಚಾಚಿ, ಉಪ್ಪು ಹಾಕಾಕತ್ತೀರಿ?”

ಇಮಾಮಬಿ ಜೋಳ ಹಸನು ಮಾಡುತ್ತಿದ್ದಳು. ಮೊರದಿಂದ ಕಣ್ಣು ಎತ್ತದೆ, “ಹಾಕೇನ್ರಿ,” ಎಂದಳು.

“ಮಣ್ಣು ಸಪ್ಪಗ ಐತಿ. ನಾ ಈಗ ತಿಂದು ನೋಡಿದೆ.”

ಪಡಸಾಲೆಯಲ್ಲಿ ಕೂತಿದ್ದ ಧರೆಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. “ಮಾಸ್ತರು ಮಣ್ಣು ತಿಂದ್ರೋ. ಇಮಾಮಬಿ, ಸಿಕ್ಕೊಂಡಿ ನೋಡು.”

ಇಮಾಮಬಿಯ ಕೈ ನಿಂತಿತು. ಅರವತ್ತರ ಹೆಂಗಸು, ಸುಳ್ಳು ಹೇಳಿ ಸಿಕ್ಕಿಬಿದ್ದ ಮಗುವಿನಂತೆ ಮೊರದ ಅಂಚನ್ನು ನೋಡುತ್ತ ಕೂತಳು. ಆಮೇಲೆ ಸಣ್ಣ ಧ್ವನಿಯಲ್ಲಿ ಹೇಳಿದಳು:

“ನೀರು ಹಾಕೇನ್ರಿ, ಒಂದು ದಿನಾ ತಪ್ಪಿಸಿಲ್ಲ. ಉಪ್ಪು ನನ್ನ ಕೈಲಿ ಆಗವಲ್ದು. ನೆಲಕ್ಕ ಚೆಲ್ಲಿದ ಉಪ್ಪು, ದೇವರ ಮುಂದ ಲೆಕ್ಕಾ ಕೊಡೂ ಕಯಾಮತ್ತಿನ ದಿನ ಕಣ್ಣರೆಪ್ಪಿಲೆ ಆರಿಸಬೇಕಾಗತೈತಿ ಅಂತ ನಮ್ಮವ್ವ ಹೇಳ್ತಿದ್ಲು. ದಿನಾ ಹಿಡಿ ತುಂಬ ತಗೊಂಡು ಹೋಗ್ತಿದ್ದೆ. ಹೊಳ್ಳಿ ತಂದು ಗಡಿಗ್ಯಾಗ ಹಾಕ್ತಿದ್ದೆ.”

ಪರಮಾನಂದ ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ಆ ಹೊತ್ತಿಗೆ ಅವನ ತಲೆಯಲ್ಲಿದ್ದದ್ದು ತನ್ನ ಲೆಕ್ಕಾಚಾರವೆಲ್ಲ ಸರಿಯಾಗಿದ್ದು, ಒಂದು ಮೂಢನಂಬಿಕೆ ಅದನ್ನು ಕೆಡಿಸಿತಲ್ಲ ಎಂಬುದು ಮಾತ್ರ. ಅವನು ಹೇಳಿದ: “ಕಾಕಾ ಅವರು ಒಂದ ಸಲ ತಮ್ಮ ಧ್ವನಿ ಕೇಳಲಿ ಅಂತ ನಾವೆಲ್ಲಾ ಒದ್ದಾಡಾಕತ್ತೇವಿ. ನಿಮಗ ಅದಕಿಂತ ನಿಮ್ಮ ಕಣ್ಣರೆಪ್ಪಿ ಹೆಚ್ಚಾತೇನ್ರಿ ಚಾಚಿ?”

ಧರೆಪ್ಪನ ನಗು ನಿಂತುಹೋಯಿತು. ಇಮಾಮಬಿ ಮೊರವನ್ನು ಬದಿಗಿಟ್ಟು ಎದ್ದು ಒಳಗೆ ಹೋದಳು. ಅಡುಗೆ ಮನೆಯಿಂದ ಹಿತ್ತಲಿಗೆ ಹೋದಾಗ ಅವಳ ಬೊಗಸೆ ತುಂಬಿತ್ತು. ಉಪ್ಪು ಹಾಕುವಾಗ ಅವಳ ತುಟಿ ಅಲುಗುತ್ತಿದ್ದುದನ್ನು ಪರಮಾನಂದ ನೋಡಿದ. ಮುಖ ತಿರುಗಿಸಿಕೊಂಡ.

ಮೂರೇ ದಿನಕ್ಕೆ ಧಾರವಾಡ ಗಟ್ಟಿಯಾಯಿತು. ಪರಮಾನಂದ ನೋಟುಬುಕ್ಕಿನಲ್ಲಿ ‘ಉಪ್ಪಿನಿಂದ ಸುಧಾರಣೆ’ ಎಂದು ಬರೆದು ಅಡಿಗೆರೆ ಎಳೆದ. ತಾನು ಆಡಿದ ಮಾತು ಒರಟಾದರೂ ಸುಳ್ಳಾಗಲಿಲ್ಲ ಎಂದು ಸಮಾಧಾನ ಮಾಡಿಕೊಂಡ. ಮರುವಾರ ಒಂದು ಹೊಸ ಸದ್ದು ಸುರುವಾಯಿತು. ಹಪ್ಪಳ ಮುರಿದಂತೆ ಕರಕರ. ಮುಂಗಾರಿನ ಮೋಡ ಎಂದುಕೊಂಡ. ಸದ್ದು ಹೆಚ್ಚಾಯಿತು. ಇಮಾಮಬಿಗೆ, “ಇನ್ನೊಂದು ಹಿಡಿ ಹೆಚ್ಚಿಗಿ ಹಾಕ್ರಿ ಚಾಚಿ,” ಎಂದ. ಅವಳು ಹಾಕಿದಳು.

ಜೂನ್ ಐದರ ಮಂಗಳವಾರ ಸಂಜೆ ಆರಕ್ಕೇ ಪಡಸಾಲೆ ತುಂಬಿತು. ಕಾಕಾ ಒಗೆದ ಪೈಜಾಮ, ಬಿಳಿ ಅಂಗಿ ತೊಟ್ಟು, ಕೊರಳಿಗೆ ರುಮಾಲು ಸುತ್ತಿಕೊಂಡು ರೇಡಿಯೋದ ಮುಂದೆ ಕೂತರು. ಹಾಡಲು ಹೋಗುವ ದಿನ ಹಾಕಿಕೊಳ್ಳುತ್ತಿದ್ದ ಅತ್ತರನ್ನು ಹಾಕಿಕೊಂಡಿದ್ದರು. ಧರೆಪ್ಪ ಮತ್ತು ಮೇಳದ ಇನ್ನಿಬ್ಬರು ಅವರ ಹಿಂದೆ, ಹಾಡುವಾಗ ನಿಲ್ಲುತ್ತಿದ್ದ ಸಾಲಿನಲ್ಲೇ ಕೂತಿದ್ದರು. ಇಮಾಮಬಿ ಒಳಬಾಗಿಲ ಪರದೆಯ ಹಿಂದಿದ್ದಳು. ಪರಮಾನಂದ ಒಂದು ಕೈಯನ್ನು ಗುಂಡಿಯ ಮೇಲಿಟ್ಟು, ಕಿವಿಯನ್ನು ರೇಡಿಯೋಗೆ ಹಚ್ಚಿದ.

“ಈಗ ರಿವಾಯತ ಪದಗಳು,” ಎಂದಿತು ರೇಡಿಯೋ. “ಹಾಡುವವರು ಬಸವನ ಬಾಗೇವಾಡಿಯ ಶ—”

ಕರಕರ ಸದ್ದು ಹೆಸರನ್ನು ನುಂಗಿತು. ಪರಮಾನಂದ ಗುಂಡಿಯನ್ನು ಅತ್ತ ತಿರುಗಿಸಿದ, ಇತ್ತ ತಿರುಗಿಸಿದ. ಸದ್ದಿನ ಕೆಳಗೆ, ಎಲ್ಲೋ ಬಾವಿಯ ತಳದಲ್ಲಿ, ಯಾರೋ ಹಾಡುತ್ತಿದ್ದರು. ಹಾಡುತ್ತಿದ್ದಾರೆ ಎನ್ನುವುದು ಗೊತ್ತಾಗುತ್ತಿತ್ತು, ಯಾರು ಎಂಬುದು ಗೊತ್ತಾಗುತ್ತಿರಲಿಲ್ಲ. ಒಮ್ಮೆ ಮಾತ್ರ ಸದ್ದು ಹರಿದು ಒಂದು ತುಣುಕು ಸ್ಪಷ್ಟವಾಗಿ ಮೇಲೆ ಬಂತು.

“ಇದು ನಂದು,” ಎಂದ ಧರೆಪ್ಪ. ಹಿಮ್ಮೇಳದ ತುಣುಕು. ಹೇಳಿದ ಕೂಡಲೇ ಅವನು ನಾಲಗೆ ಕಚ್ಚಿಕೊಂಡ.

“ಬಸ್‌ಸ್ಟ್ಯಾಂಡಿನ ಹೋಟೆಲಿನ್ಯಾಗ ರೇಡಿಯೋ ಐತಲ್ಲ,” ಎಂದರು ಯಾರೋ.

“ಕಾಕಾನ್ನ ಹೊತ್ತುಕೊಂಡು ಹೋದ್ರೂ ಮುಟ್ಟೂದ್ರಾಗ ಮುಗೀತೈತಿ,” ಎಂದ ಧರೆಪ್ಪ.

ಕಾಕಾ ಅಲುಗಲಿಲ್ಲ. ತಲೆಯನ್ನು ಸ್ವಲ್ಪ ಬಾಗಿಸಿ, ಕಣ್ಣು ಮುಚ್ಚಿ, ಆ ಕರಕರ ಸದ್ದನ್ನೇ ಹತ್ತು ನಿಮಿಷವೂ ಕೇಳಿದರು. ಆಮೇಲೆ ರೇಡಿಯೋ ಇನ್ನೇನೋ ಹೇಳತೊಡಗಿತು. ಮುಗಿದಿತ್ತು.

ಸುಮ್ಮನಿರುವುದು ಧರೆಪ್ಪನಿಂದ ಆಗದ ಕೆಲಸ. ಪರದೆಯ ಕಡೆ ತಿರುಗಿ, “ಇಮಾಮಬಿ, ಇವತ್ತ ಉಪ್ಪು ಹಾಕಿದ್ದಿಲ್ಲೇನು?” ಎಂದ.

“ಹಾಕೇನಿ,” ಎಂದಳು ಒಳಗಿನಿಂದ.

“ಮದ್ಲೂ ಹಂಗ ಅಂದಿದ್ದಿ.”

ಎಲ್ಲರೂ ಪರಮಾನಂದನನ್ನು ನೋಡಿದರು. ಆ ಕರಕರ ಸದ್ದು ಬೆಸುಗೆ ಇಲ್ಲದೆ ಸಡಿಲಾದ ಕೂಡಿನ ಸದ್ದು ಎಂಬುದು ಅವನಿಗೆ ಆ ಹೊತ್ತಿಗೆ ಹೊಳೆದಿತ್ತು. ಹೇಳಲು ಬಾಯಿ ತೆರೆದ. ತೆರೆದ ಬಾಯಿಂದ ಬಂದ ಮಾತು ಬೇರೆ.

“ನೆಲದಾಗ ಏನೋ ಕಡಿಮಿ ಬಿದ್ದೈತಿ,” ಎಂದ.

ಸುಳ್ಳಲ್ಲ. ಒಂದೊಂದು ಪದವೂ ನಿಜವಾಗಿತ್ತು. ಏನು ಕಡಿಮೆ ಬಿತ್ತು ಎನ್ನುವುದನ್ನು ಮಾತ್ರ ಅವನು ಅವರಿಗೇ ಬಿಟ್ಟ, ಅವರು ಉಪ್ಪು ಎಂದುಕೊಂಡು ಎದ್ದು ಹೋದರು. ಪರದೆ ಒಮ್ಮೆ ಅಲುಗಿ ನಿಂತಿತು.

ಮರುದಿನ ಬೆಳಿಗ್ಗೆ ಪರಮಾನಂದ ಹಿತ್ತಲಲ್ಲಿ ಅಗೆದ. ಒಂದು ಗೇಣು ಕೆಳಗೆ ತಂತಿ ಸಿಕ್ಕಿತು. ಎಳೆಯಬೇಕಾಗಿಯೂ ಬರಲಿಲ್ಲ, ಮುಟ್ಟಿದರೆ ಕೈಗೆ ಬಂತು. ಹನ್ನೆರಡು ಸುತ್ತಿನಲ್ಲಿ ಒಂದೂ ಪೈಪನ್ನು ಹಿಡಿದಿರಲಿಲ್ಲ. ಪೈಪಿನ ತಲೆ ತುಕ್ಕಿನಿಂದ ಹೊಪ್ಪಳಿಕೆ ಎದ್ದು ಉದುರುತ್ತಿತ್ತು, ತಂತಿಗೆ ಹಸಿರು ಕಿಲುಬು ಮೆತ್ತಿತ್ತು. ಕಬ್ಬಿಣ, ತಾಮ್ರ, ನಡುವೆ ಉಪ್ಪುನೀರು: ಒಂಬತ್ತನೆಯ ಇಯತ್ತೆಯ ಹುಡುಗರಿಗೆ ವರ್ಷವರ್ಷವೂ ಗಾಜಿನ ಪಾತ್ರೆಯಲ್ಲಿ ಅವನು ಮಾಡಿ ತೋರಿಸುವ ಪ್ರಯೋಗ. ಬರೀ ನೀರು ಬಿದ್ದಿದ್ದರೆ ಬೆಸುಗೆ ಇಲ್ಲದ ಕೂಡು ಮಳೆಗಾಲದ ತನಕ ಬಾಳುತ್ತಿತ್ತು. ಬೊಗಸೆಗಟ್ಟಲೆ ಉಪ್ಪು ಹಾಕಿಸಿ ಮೂರು ವಾರದಲ್ಲಿ ತಿನ್ನಿಸಿದವನು ಅವನೇ.

ಮಣ್ಣುಗೈಯಲ್ಲಿ ಒಳಗೆ ಬಂದಾಗ ಪಡಸಾಲೆಯಲ್ಲಿ ಬಾಬುಲಾಲ ಕೂತಿದ್ದ. ಸಿಂದಗಿಯಿಂದ ಮೊದಲ ಬಸ್ಸಿಗೆ ಪೇಡೆಯ ಪೊಟ್ಟಣ ಹಿಡಿದು ಬಂದಿದ್ದ. ಧರೆಪ್ಪ ಆಗಲೇ ಒಂದು ಪೇಡೆಯನ್ನು ಬಾಯಿಗೆ ಹಾಕಿಕೊಂಡಿದ್ದ.

“ಏನ ಹೇಳ್ಲಿ ಭಾವಾ,” ಎನ್ನುತ್ತಿದ್ದ ಬಾಬುಲಾಲ. “ಅಂಗಡಿ ಮುಂದ ರಸ್ತಾ ಬಂದ್ ಆತು. ತಾಂಬಾದಿಂದ ಸಂತಿಗೆ ಬಂದವರು ಗಂಟು ಕೆಳಗಿಟ್ಟು ನಿಂತ್ರು. ನಿಮಗ ಹೆಂಗ ಕೇಳಿಸ್ತು ಇಲ್ಲಿ?”

ಕಾಕಾ ಕೊರಳ ರುಮಾಲನ್ನು ಸರಿಮಾಡಿಕೊಂಡರು.

“ಇಲ್ಲಿ ಉಪ್ಪು ಕಡಿಮಿ ಬಿತ್ತು,” ಎಂದ ಧರೆಪ್ಪ, ಪೇಡೆ ನುಂಗುತ್ತ. “ನಿಮ್ಮ ಅಕ್ಕನ್ನ ಕೇಳು.”

ಇಮಾಮಬಿ ಚಹಾ ತಂದವಳು ಬಾಗಿಲಲ್ಲೇ ನಿಂತಳು.

“ಉಪ್ಪು ಕಡಿಮಿ ಬಿದ್ದಿಲ್ರಿ,” ಎಂದ ಪರಮಾನಂದ. ಕಿಲುಬು ಹಿಡಿದ ತಂತಿಯನ್ನು ಕಾಕಾ ಅವರ ಮುಂದಿಟ್ಟ. “ಇದಕ್ಕ ಬೆಸಗಿ ಹಾಕಬೇಕಾಗಿತ್ತು. ನಾ ಹಾಕಲಿಲ್ಲ. ಬೆಸಗಿ ಇಲ್ಲದ್ದಕ್ಕ ಉಪ್ಪು ಕೂಡನ್ನ ತಿಂದೈತಿ. ಚಾಚಿ ದಿನಾ ಹಾಕ್ಯಾರ. ನಾ ಹೇಳಿದ್ದಕ್ಕ ಹಾಕ್ಯಾರ.”

ಧರೆಪ್ಪ ತಂತಿಯನ್ನು ಎತ್ತಿ ನೋಡಿದ. ವಿಜ್ಞಾನ ಅವನಿಗೆ ಗೊತ್ತಿಲ್ಲದಿದ್ದರೂ ಲೆಕ್ಕ ಗೊತ್ತಿತ್ತು. “ಅಂದ್ರ ಆಕಿ ಸುಳ್ಳ ಹೇಳೂ ತನಕ ರೇಡಿಯೋ ಚಲೋ ಇತ್ತು. ನೀವು ಖರೇ ಮಾಡಿಸಿದ ಮ್ಯಾಲ ಕೆಟ್ಟಿತು.”

“ಹೌದು.”

“ಮತ್ತ ನಿನ್ನಿ ನೆಲದಾಗ ಏನೋ ಕಡಿಮಿ ಅಂದ್ರಿ?”

ಕಾಕಾ ಉಸಿರಿನಲ್ಲಿ ಕೇಳಿದರು: “ಆಗ ಗೊತ್ತಿತ್ತೇನು ಮಾಸ್ತರ್ರ ನಿಮಗ?”

“ಗೊತ್ತಿತ್ರಿ.”

ಕಾಕಾ ಗದರಿದ್ದರೆ ಅವನಿಗೆ ಹಗುರಾಗುತ್ತಿತ್ತು. ಆ ಗಂಟಲಿಗೆ ಗದರಲು ಬರುತ್ತಿರಲಿಲ್ಲ. ಇಮಾಮಬಿ ಚಹಾದ ತಟ್ಟೆಯನ್ನು ಕೆಳಗಿಟ್ಟಳು. ಅವನನ್ನು ನೇರವಾಗಿ ನೋಡಿ ಕೇಳಿದಳು:

“ಹಂಗಾದ್ರ ನಾ ಹಾಕಿದ ಉಪ್ಪೆಲ್ಲಾ ಎದಕ್ಕ ಹಾಕಿದೆ?”

ಇದ್ದ ಉತ್ತರವನ್ನು ಅವನು ಆಗಲೇ ಹೇಳಿಯಾಗಿತ್ತು. ತಪ್ಪಾಯಿತು ಎನ್ನಬೇಕೆಂದು ನಾಲಗೆಯ ತುದಿಗೆ ತಂದುಕೊಂಡ. ಅವಳ ಕಯಾಮತ್ತಿನ ಲೆಕ್ಕದಲ್ಲಿ ಅದು ಎಷ್ಟು ಸಣ್ಣ ಮಾತು ಎಂದು ತೋರಿ ಅದೂ ಬರಲಿಲ್ಲ. ಅವಳು ಕಪ್ಪುಗಳನ್ನು ಒಬ್ಬೊಬ್ಬರ ಮುಂದೆ ಸರಿಸಿದಳು. ಅವನ ಮುಂದೆಯೂ ಒಂದು.

ಬಾಬುಲಾಲ ತನ್ನ ಕಪ್ಪನ್ನು ಕೈಗೆತ್ತಿಕೊಂಡ. “ಇರಲಿ ಭಾವಾ. ನಾ ಕೇಳೇನಿ, ನಾ ಹೇಳ್ತೇನಿ. ಬಾಳ ಚಲೋ ಇತ್ತು.”

“ಹೆಂಗಿತ್ತು?” ಎಂದರು ಕಾಕಾ.

“ನಿಮ್ಮ ಧ್ವನಿ ಹಂಗ ಇತ್ತು.”

“ಅದ ಹೆಂಗಿರತೈತಿ?”

ಬಾಬುಲಾಲ ಕಪ್ಪನ್ನು ಕೆಳಗಿಟ್ಟ. “ಅಂದ್ರ... ದಪ್ಪ. ದಪ್ಪ ಅಲ್ಲ. ಮ್ಯಾಲ ಹೋಗೂ ಮುಂದ ಒಂಥರಾ...” ಕೈಯನ್ನು ಗಾಳಿಯಲ್ಲಿ ಎತ್ತಿ ಏನೋ ತೋರಿಸಲು ಹೋದ. “ಧರೆಪ್ಪಾ, ನೀ ಹೇಳೋ.”

ಹಿಂದೆ ನಿಂತು ನಲವತ್ತು ವರ್ಷ ಹಾಡಿದ ಧರೆಪ್ಪ ತಲೆ ಕೆರೆದುಕೊಂಡ. “ನಾ ನನ್ನ ಸಾಲು ಯಾವಾಗ ಎತ್ತಬೇಕು ಅಂತ ಕೇಳ್ತಿದ್ದೆ. ಇದನ್ನ ಕೇಳಿಲ್ಲ.”

ಕಾಕಾ ನಿಧಾನವಾಗಿ ಹೆಂಡತಿಯ ಕಡೆ ತಿರುಗಿದರು. “ನಿನಗ ಗೊತ್ತೈತೇನ?”

“ನನಗ ಗೊತ್ತಿಲ್ದ ಯಾರಿಗೆ ಗೊತ್ತಿರತೈತಿ?” ಎಂದಳು ಇಮಾಮಬಿ.

“ಹಂಗಾದ್ರ ನೀ ಹೇಳು.”

“ಹೇಳಾಕ ಬರೂದಿಲ್ಲ ಅದು. ನಿಮ್ಮಂಗ ಹಾಡಿ ತೋರಸಬೇಕು.” ಅವಳು ಸೆರಗನ್ನು ಮುಂದೆಳೆದುಕೊಂಡಳು. “ಗಂಡಸರ ಮುಂದ ನಾ ಹೆಂಗ ಹಾಡಲಿ?”

ಧರೆಪ್ಪ ಇನ್ನೊಂದು ಪೇಡೆಗೆ ಕೈ ಚಾಚಿದ್ದ. ಪರಮಾನಂದ ಅವನ ರಟ್ಟೆ ಹಿಡಿದು ಎಬ್ಬಿಸಿದ.

“ಬರ್ರಿ, ಬಾಬುಲಾಲ ಅವರನ್ನ ಬಸ್ಸಿಗೆ ಹತ್ತಿಸಿ ಬರೋಣು.”

“ಈಗರ ಬಂದೇನಲ್ರಿ,” ಎಂದ ಬಾಬುಲಾಲ. “ಸಿಂದಗಿ ಬಸ್ಸು ಹನ್ನೊಂದಕ್ಕ.”

“ಇರಲಿ, ನಡೀರಿ.”

ಅವರಿಬ್ಬರನ್ನು ಮುಂದೆ ಮಾಡಿಕೊಂಡು ಪರಮಾನಂದ ಹೊರಗೆ ಬಂದ. ಬಾಗಿಲನ್ನು ಸದ್ದಾಗದಂತೆ ಎಳೆದುಕೊಂಡ. ಓಣಿಯ ತಿರುವಿನಲ್ಲಿ ಧರೆಪ್ಪ ನಿಂತು, ಕತ್ತು ಹೊರಳಿಸಿ, ಮನೆಯ ಕಡೆ ಕಿವಿಗೊಟ್ಟ.

“ನಡೀರಿ ಧರೆಪ್ಪಾ,” ಎಂದ ಪರಮಾನಂದ. “ಅದು ನಮಗಲ್ಲ.”

ಬಸ್‌ಸ್ಟ್ಯಾಂಡಿನ ತನಕ ಅವನು ಅವರ ಹಿಂದೆಯೇ ನಡೆದ. ಕೈಗೆ ಅಂಟಿದ ಕಿಲುಬನ್ನು ದಾರಿಯುದ್ದಕ್ಕೂ ಧೋತರದ ಅಂಚಿಗೆ ಒರೆಸಿಕೊಳ್ಳುತ್ತಿದ್ದ. ಹಸಿರು ಕಲೆ ಬಟ್ಟೆಗೆ ಹತ್ತಿತೇ ಹೊರತು ಬೆರಳಿನಿಂದ ಹೋಗಲಿಲ್ಲ.